ಎದುರಿನವರನ್ನೂ ಕೇಳಿದೆಯಾ?

ಸಾರ್ ತೀರಿಕೊಂಡರು ಎಂದು ಫೋನು ಬಂದಾಗ ನಾನು ಅತ್ತುಬಿಟ್ಟೆ. ಎರಡು ನಿಮಿಷ ಕಳೆದ ಮೇಲೆ ಸಿಟ್ಟು ಬಂತು, ಅತ್ತದ್ದಕ್ಕೆ. ಮೂಗು ಒರೆಸಿಕೊಂಡು "ಹೋದ್ರೆ ಹೋಗ್ಲಿ" ಎಂದು ಗಟ್ಟಿಯಾಗಿಯೇ ಹೇಳಿದೆ. ಹೇಳಿದ ಮೇಲೆ ನಾಚಿಕೆಯಾಗಿ ಮತ್ತೆ ಅತ್ತೆ. ಅವರ ವಿಷಯದಲ್ಲಿ ನನಗೆ ಯಾವುದೂ ಒಂದೇ ಸಲಕ್ಕೆ ನೆಟ್ಟಗೆ ಬಂದದ್ದಿಲ್ಲ.

ತಿರುವನಂತಪುರದ ಪತ್ರಕರ್ತ ಮಿತ್ರರು ಒಂದು ಸ್ಮರಣ ಸಂಚಿಕೆ ತರುತ್ತಾರಂತೆ. "ನೀವು ಅವರ ಕೈಯಲ್ಲಿ ಪಳಗಿದವರು, ಎರಡು ಪುಟ ಬರೆದುಕೊಡಿ. ಅವರ ಮೌಲ್ಯಗಳ ಬಗ್ಗೆ ಇರಲಿ" ಎಂದರು. ಮೌಲ್ಯಗಳ ಬಗ್ಗೆ! ಆಗಲಿ ಎಂದು ಕೂತೆ. ಬರೆದದ್ದು ಎರಡು ಪುಟದಲ್ಲಿ ನಿಲ್ಲಲಿಲ್ಲ, ನಿಂತದ್ದು ಸಂಚಿಕೆಯಲ್ಲಿ ಹಾಕುವಂತೆಯೂ ಇರಲಿಲ್ಲ. ಅಲ್ಲಿಗೆ ಬೇರೇನೋ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಕಳಿಸಿ ಕೈ ತೊಳೆದುಕೊಂಡೆ. ಇದು ಉಳಿದದ್ದು.

ಎರಡು ಸಾವಿರದ ದಶಕದ ಮೊದಲ ವರ್ಷಗಳು. ಕೊಚ್ಚಿಯಲ್ಲಿ ಒಂದು ಇಂಗ್ಲಿಷ್ ಪತ್ರಿಕೆಯ ಕಚೇರಿಗೆ ನಾನು ವರದಿಗಾರ್ತಿಯಾಗಿ ಸೇರಿದಾಗ ಅವರು ಅಲ್ಲಿನ ಮುಖ್ಯಸ್ಥರು. ಮೈಸೂರಿನವರು. ನಾನು ಕಾಸರಗೋಡಿನ ಕಡೆಯವಳು. ಇಡೀ ಕಚೇರಿಯಲ್ಲಿ ಕನ್ನಡ ಬರುತ್ತಿದ್ದದ್ದು ನಮಗಿಬ್ಬರಿಗೇ. ಆದರೆ ಇಬ್ಬರ ಕನ್ನಡಕ್ಕೂ ಆಗಿಬರುತ್ತಿರಲಿಲ್ಲ. "ಎಂತ ಸಾರ್" ಎಂದರೆ ಸಾಕು, "ಎಂತದೂ ಇಲ್ಲಮ್ಮ, ಏನು ಅಂತ ಕೇಳು" ಎನ್ನುತ್ತಿದ್ದರು. ನನ್ನ ಊಟದ ಡಬ್ಬಿಯ ಕುಚ್ಚಲಕ್ಕಿ ಅನ್ನವನ್ನು ಬಗ್ಗಿ ನೋಡಿ "ಏನಮ್ಮ, ಗೋಲಿ ತಂದಿದ್ದೀಯ, ಆಡೋಕಾ ತಿನ್ನೋಕಾ?" ಎಂದು ಕಾಡುತ್ತಿದ್ದರು. ಅವರದ್ದು ವರ್ಷವಿಡೀ ಮೊಸರನ್ನ, ಸ್ಟೀಲ್ ಡಬ್ಬಿ, ಮಾವಿನಮಿಡಿ ಉಪ್ಪಿನಕಾಯಿ. ಮಿಡಿಯಲ್ಲಿ ಒಂದನ್ನು ದಿನಾ ನನ್ನ ಮುಚ್ಚಳದ ಮೇಲಿಡುತ್ತಿದ್ದರು. ಕೊಡುತ್ತೇನೆ ಎಂದು ಬಾಯಿಬಿಟ್ಟು ಹೇಳಿದವರಲ್ಲ.

ಕೇರಳಕ್ಕೆ ಬಂದು ಅಷ್ಟು ವರ್ಷವಾದರೂ ಅವರ ಮಲಯಾಳ ಕೇಳಿದರೆ ಆಟೋದವರು ತಿರುಗಿ ನೋಡುತ್ತಿದ್ದರು. ಶರಟಿನ ತೋಳು ಸರಿಯಾಗಿ ಎರಡು ಮಡಿಕೆ, ಮೂರನೆಯದಿಲ್ಲ. ಕನ್ನಡಕಕ್ಕೆ ಕಪ್ಪು ದಾರ. ವರದಿ ಓದುವಾಗ ಕನ್ನಡಕ ತೆಗೆದು, ಕಾಗದವನ್ನು ಮೂಗಿನ ಹತ್ತಿರ ತಂದು ಓದುತ್ತಿದ್ದರು. ಓದಿ ಮುಗಿಸಿದ ಮೇಲೆ ಬರುತ್ತಿದ್ದ ಮೊದಲ ಮಾತು ಯಾವಾಗಲೂ ಒಂದೇ: "ಎದುರಿನವರನ್ನೂ ಕೇಳಿದೆಯಾ?"

ಯಾರ ಮೇಲೆ ಏನೇ ಬರೆಯಲಿ, ಅಚ್ಚಿಗೆ ಹೋಗುವ ಮೊದಲು ಆ ಮನುಷ್ಯನಿಗೆ ಫೋನು ಮಾಡಬೇಕು. ಅವನ ಮೇಲೆ ಬರೆದ ಸಾಲುಗಳನ್ನು ಓದಿ ಹೇಳಬೇಕು. ಅವನು ಬೈದರೆ ಆ ಬೈಗುಳವನ್ನೂ ಗುರುತು ಹಾಕಿಕೊಳ್ಳಬೇಕು. ಸಿಗದಿದ್ದರೆ ಮನೆಗೆ ಹೋಗಬೇಕು. ಬೇರೆ ಪತ್ರಿಕೆಯವರು ನಮ್ಮನ್ನು ಆಡಿಕೊಳ್ಳುತ್ತಿದ್ದರು, ಕಳ್ಳನಿಗೆ ಹೇಳಿ ಹಿಡಿಯಲು ಹೋಗುವವರು ಎಂದು. ಸಾರ್ ಅದಕ್ಕೆ ಕೇರೇ ಮಾಡುತ್ತಿರಲಿಲ್ಲ. "ಬೆನ್ನ ಹಿಂದೆ ಬರೆಯೋದಕ್ಕೆ ಪತ್ರಿಕೆ ಯಾಕಮ್ಮ ಬೇಕು, ಕಟ್ಟೆ ಮೇಲೆ ಕೂತ್ಕೊಂಡು ಮಾತಾಡಿದ್ರೆ ಆಗಲ್ವಾ?"

ತಲೆಬರಹದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಉರಿದುಬೀಳುತ್ತಿದ್ದರು. 'ಮಂತ್ರಿಗೆ ಪಾಲು ಇದೆಯೇ?' ಎಂದು ಒಬ್ಬ ಬರೆದು ತಂದಿದ್ದ. "ಇದೆ ಅಂತ ಗೊತ್ತಿದ್ರೆ ಇದೆ ಅನ್ನು. ಗೊತ್ತಿಲ್ದಿದ್ರೆ ಸುಮ್ನಿರು. ಕೇಳೋ ಹಾಗೆ ಮಾಡಿ ಮಸಿ ಬಳಿಯೋದು ಹೇಡಿ ಕೆಲಸ" ಎಂದು ಕಾಗದವನ್ನು ಅವನ ಮೇಜಿಗೆ ವಾಪಸ್ ಕಳಿಸಿದರು. ಅವನು ಒಂದು ವಾರ ಅವರ ಕಣ್ಣಿಗೆ ಬೀಳದೆ ಓಡಾಡಿದ.

ನಾನು ಸೇರಿದ ಹೊಸತರಲ್ಲಿ ಮಟ್ಟಾಂಚೇರಿಯ ಒಂದು ಗೋದಾಮಿಗೆ ಬೆಂಕಿ ಬಿತ್ತು. ಗಡಿಬಿಡಿಯಲ್ಲಿ ಪಕ್ಕದ ಗೋದಾಮಿನ ಯಜಮಾನರ ಹೆಸರು ಬರೆದುಬಿಟ್ಟೆ. ಮಾರನೆಯ ದಿನ ತಿದ್ದುಪಡಿ ಹಾಕಿದೆವು. ನನ್ನ ಲೆಕ್ಕದಲ್ಲಿ ಅಲ್ಲಿಗೆ ಮುಗಿಯಿತು. ಸಾರ್ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. "ನಡಿ, ದೋಣಿಗೆ ಹೊತ್ತಾಯ್ತು."

ಆ ಮುದುಕರು ಒಣಶುಂಠಿಯ ವ್ಯಾಪಾರಿ. ಅರ್ಧ ಗಂಟೆ ಬೈದರು. ಸಾಲ ಕೊಟ್ಟವರೆಲ್ಲ ಬೆಳಿಗ್ಗೆಯೇ ಬಂದು ನಿಂತಿದ್ದರಂತೆ. ಮಧ್ಯೆ ಅವರ ಸೊಸೆ ಚಹಾ ತಂದರು. ನಾನು ಕೈ ಚಾಚಿದೆ. ಸಾರ್ ಕಣ್ಣಲ್ಲೇ ತಡೆದರು. "ಬೈಸ್ಕೊಳ್ಳೋದು ಮುಗೀಲಿ, ಆಮೇಲೆ ಟೀ." ಬೈಗುಳ ಮುಗಿದ ಮೇಲೆ ತಣ್ಣಗಾದ ಚಹಾ ಕುಡಿದು ಎದ್ದೆವು. ದೋಣಿಯಲ್ಲಿ ಹೇಳಿದರು, "ತಪ್ಪು ಪೇಪರಲ್ಲಿ ಆಗಿರಬಹುದು. ಕ್ಷಮೆ ಮಾತ್ರ ಮುಖ ನೋಡೇ ಕೇಳ್ಬೇಕು." ಆ ದಿನ ನನಗೆ ಅವರ ಮೇಲೆ ಎಷ್ಟು ಹೆಮ್ಮೆ ಬಂತೆಂದರೆ, ಮನೆಗೆ ಫೋನು ಮಾಡಿ ಅಮ್ಮನ ತಲೆ ತಿಂದೆ. "ಅವರಂಥವರು ಇನ್ನೊಬ್ಬರಿಲ್ಲಮ್ಮ" ಎಂದಿದ್ದೆ.

ಓಣಂ ಹೊತ್ತಿಗೆ ಕಂಪೆನಿಗಳಿಂದ ಉಡುಗೊರೆ ಬರುತ್ತಿತ್ತು. ಎಲ್ಲ ವಾಪಸ್. ಒಮ್ಮೆ ಒಂದು ದೊಡ್ಡ ಪೊಟ್ಟಣ ಬಾಳೆಕಾಯಿ ಚಿಪ್ಸ್, ಆಗತಾನೆ ಕರಿದದ್ದು, ಎಣ್ಣೆಯ ಘಮ ಕಚೇರಿ ತುಂಬ. ಸಾರ್ ಅದರ ಎದುರು ಸ್ವಲ್ಪ ಹೊತ್ತು ನಿಂತರು. ಜೊಲ್ಲು ನುಂಗಿದ್ದನ್ನು ನಾನು ನೋಡಿದ್ದೇನೆ. ಆಮೇಲೆ "ತಗೊಂಡ್ಹೋಗಿ ಕೊಟ್ಬಿಡಿ" ಎಂದು ಒಳಗೆ ಹೋದರು. ಸಂಜೆ ನೋಡಿದರೆ ತಮ್ಮ ದುಡ್ಡಿನಲ್ಲೇ ಕಾಲು ಕಿಲೋ ತರಿಸಿಕೊಂಡು, ಯಾರಿಗೂ ಕೊಡದೆ ತಿನ್ನುತ್ತ ಕೂತಿದ್ದರು.

ಇಂಥವರನ್ನು ಯಾರು ಅನುಮಾನಿಸುತ್ತಾರೆ, ಹೇಳಿ?

ಸುದ್ದಿ ಕೊಟ್ಟವರ ಹೆಸರಿನ ಬಗ್ಗೆಯೂ ಅವರದ್ದೊಂದು ಕ್ರಮವಿತ್ತು. ವರದಿಗಾರ ಅದನ್ನು ಒಬ್ಬರಿಗೆ ಮಾತ್ರ ಹೇಳಬೇಕು, ಅವರಿಗೆ. ಅದೂ ಕಚೇರಿಯ ಒಳಗಲ್ಲ. ರಸ್ತೆಗಿಳಿದು, ನಡೆಯುತ್ತ, ಒಂದೇ ಸಲ. ಬರೆದಿಡುವಂತಿಲ್ಲ. "ಆ ಹೆಸರು ಹೊರಗೆ ಬಂದ್ರೆ ನಿನ್ನ ಕೆಲ್ಸ ಹೋಗಲ್ಲ, ಅವರ ಕೆಲ್ಸ ಹೋಗುತ್ತೆ. ಅದನ್ನ ಮರೀಬೇಡ."

ಹಾಗೆ ಒಂದು ಮಧ್ಯಾಹ್ನ ರಸ್ತೆಯಲ್ಲಿ ನಡೆಯುತ್ತ ನಾನು ಅವರಿಗೆ ಒಂದು ಹೆಸರು ಹೇಳಿದೆ.

ಕಳಮಶ್ಶೇರಿಯ ಒಂದು ರಾಸಾಯನಿಕ ಕಾರ್ಖಾನೆ. ಹೊಳೆಗೆ ಬಿಡುವ ನೀರನ್ನು ದಿನಾ ಪರೀಕ್ಷೆ ಮಾಡಿ ಬರೆದಿಡಬೇಕು. ಅಲ್ಲಿ ಎರಡು ಪುಸ್ತಕಗಳಿದ್ದವು. ತಪಾಸಣೆಗೆ ಬರುವವರಿಗೆ ಒಂದು, ನಿಜವಾದದ್ದು ಇನ್ನೊಂದು. ಪ್ರಯೋಗಾಲಯದ ಸಹಾಯಕಿಯೊಬ್ಬರು ಆ ನಿಜವಾದ ಪುಸ್ತಕದ ನಾಲ್ಕು ಹಾಳೆಗಳ ನಕಲು ತೆಗೆದು ನನಗೆ ಕೊಟ್ಟರು. ನಾನು ಅವರನ್ನು ಚೇಚಿ ಎಂದು ಕರೆಯುತ್ತಿದ್ದೆ, ಅವರು ನನ್ನನ್ನು ಮೋಳೆ ಎನ್ನುತ್ತಿದ್ದರು. ನಮ್ಮ ಭಾಷೆಯಲ್ಲಿ ಅಕ್ಕ, ಮಗಳು. ಗಂಡನಿಗೆ ಹುಷಾರಿರಲಿಲ್ಲ, ಮಗಳು ಹೈಸ್ಕೂಲು, ಮನೆ ನಡೆಯುತ್ತಿದ್ದದ್ದು ಅವರ ಒಂದು ಸಂಬಳದಲ್ಲಿ. ಅಷ್ಟೆಲ್ಲ ಗೊತ್ತಿದ್ದೂ ಕೊಟ್ಟರು. ಹೊಳೆಯ ಆಚೆ ದಡದಲ್ಲೇ ಅವರ ತವರುಮನೆ, ಬಾವಿಯ ನೀರು ಕುಡಿಯುವಂತಿರಲಿಲ್ಲವಂತೆ. ನನಗೆ ಅಂಕಿಗಳು ಅರ್ಥವಾಗಲಿಕ್ಕಿಲ್ಲ ಎಂದು ಹಾಳೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ, ಮಲಯಾಳದಲ್ಲಿ, ವಿವರಣೆ ಬರೆದಿದ್ದರು. ಇದು ಇಷ್ಟಿರಬೇಕಿತ್ತು, ಇದು ಅಪಾಯ, ಹೀಗೆ. ಪಾಠ ಹೇಳುವ ಅಕ್ಕನ ಹಾಗೆ.

"ಸಾರ್, ಅಂಚಲ್ಲಿ ಉಂಟಲ್ಲ, ಅದು ಅವರದ್ದೇ ಅಕ್ಷರ. ಅಂಕಿಗಳನ್ನು ನಾನು ಬೇರೆ ಟೈಪ್ ಮಾಡ್ತೇನೆ. ಈ ಹಾಳೆ ಯಾರಿಗೂ ತೋರಿಸ್ಲಿಕ್ಕಿಲ್ಲ" ಎಂದೆ.

"ಗೊತ್ತಮ್ಮ. ಓದಿ ಕೊಡ್ತೀನಿ" ಎಂದು ಸಾರ್ ಹಾಳೆಗಳನ್ನು ತೆಗೆದುಕೊಂಡರು.

ಮಾರನೆಯ ದಿನ ಮ್ಯಾನೇಜರರನ್ನು ಕಾಣಲು ನಾನು ಕಾರ್ಖಾನೆಗೆ ಹೋದೆ. ಗೇಟಿನಲ್ಲಿ ಬ್ಯಾಗು ಬಿಟ್ಟು ಹೋಗಬೇಕು, ಬಿಟ್ಟೆ. ಸಾರ್ ಅಷ್ಟರಲ್ಲಿ ಹಾಳೆಗಳನ್ನು ಹಿಂದಿರುಗಿಸಿದ್ದರು, ಅವು ಆ ಬ್ಯಾಗಿನಲ್ಲೇ ಇದ್ದವು. ನನ್ನ ದಡ್ಡತನ, ಒಪ್ಪುತ್ತೇನೆ. ಮ್ಯಾನೇಜರ್ ಏನೂ ಮಾತಾಡದೆ ಕಳಿಸಿದರು.

ಅದರ ಮರುದಿನ ಬೆಳಿಗ್ಗೆ, ವರದಿ ಇನ್ನೂ ಅಚ್ಚಾಗಿರಲಿಲ್ಲ, ಚೇಚಿ ಬೂತಿನಿಂದ ಫೋನು ಮಾಡಿದರು. "ಮೋಳೆ, ನಾನು ಬರೆದ ಹಾಳೆ ಮ್ಯಾನೇಜರರ ಮೇಜಿನ ಮೇಲಿತ್ತು. ನನ್ನ ಅಕ್ಷರ, ದೂರದಿಂದಲೇ ಗೊತ್ತಾಯಿತು. ಇವತ್ತಿನಿಂದ ಬರಬೇಡ ಎಂದರು. ಅದು ಅಲ್ಲಿಗೆ ಹೇಗೆ ಹೋಯಿತು?"

ಓಡಿಹೋಗಿ ಸಾರ್‌ಗೆ ಹೇಳಿದೆ. ಅವರು ದಾರ ಎಳೆದು ಕನ್ನಡಕ ಒರೆಸಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಗೇಟಲ್ಲಿ ಬ್ಯಾಗ್ ಬಿಟ್ಟಿದ್ದೆಯಾ?"

ಅಷ್ಟೇ. ಆ ಗೇಟಿನವರು ಬ್ಯಾಗು ತೆರೆದಿರಬೇಕು, ನಕಲು ತೆಗೆದಿರಬೇಕು, ನನ್ನಿಂದ ಒಂದು ಮನೆ ಹಾಳಾಯಿತು ಎಂದು ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತೆ. "ನಾನು ಹೋಗ್ತೇನೆ ಸಾರ್, ಅವರ ಕಾಲು ಹಿಡೀತೇನೆ" ಎಂದೆ.

"ಬೇಡ. ನೀನು ಅವರ ಮನೆ ಹತ್ರ ಕಂಡ್ರೆ ಅವರಿಗೇ ತೊಂದ್ರೆ. ಸುಮ್ನೆ ಇರು. ನಾನು ಮಾತಾಡ್ತೀನಿ."

ನಾನು ಸುಮ್ಮನಿದ್ದೆ. ಆಮೇಲೂ ಸುಮ್ಮನಿದ್ದೆ. ವರದಿ ಬಂತು, ಕಾರ್ಖಾನೆಗೆ ನೋಟಿಸು ಹೋಯಿತು. ನನಗೊಂದು ಬಹುಮಾನವೂ ಬಂತು, ಮುಂದಿನ ಸಾಲಿನಲ್ಲಿ ಕೂತು ಸಾರ್ ಚಪ್ಪಾಳೆ ತಟ್ಟಿದರು. ಆ ಫಲಕವನ್ನು ನಾನು ಗೋಡೆಗೆ ಹಾಕಲಿಲ್ಲ. ಕಳಮಶ್ಶೇರಿಗೆ ಬಸ್ಸು ಹತ್ತಬೇಕೆಂದು ಎಷ್ಟು ಸಲ ಹೊರಟೆನೋ, ನಿಲ್ದಾಣದಿಂದಲೇ ವಾಪಸಾದೆ. ಚೇಚಿಯ ಎದುರು ನಿಲ್ಲುವ ಮುಖ ನನಗಿರಲಿಲ್ಲ. ಹೋಗಬೇಡ ಎಂದು ಸಾರ್ ಹೇಳಿದ್ದಾರಲ್ಲ ಎಂಬ ನೆವವೊಂದು ಕೈಯಲ್ಲಿತ್ತು.

ಸಾರ್‌ಗೆ ಬಡ್ತಿಯಾಗಿ ತಿರುವನಂತಪುರಕ್ಕೆ ಹೋದರು. ಕೆಲವು ವರ್ಷ ಬಿಟ್ಟು ನನಗೂ ಅಲ್ಲಿಗೇ ವರ್ಗವಾಯಿತು, ಅಷ್ಟರಲ್ಲಿ ಅವರು ನಿವೃತ್ತರಾಗಿ ಪಟ್ಟಂನ ಒಂದು ಫ್ಲ್ಯಾಟಿನಲ್ಲಿದ್ದರು. ಪತ್ರಿಕೋದ್ಯಮದ ಮಕ್ಕಳಿಗೆ ನೀತಿಯ ಪಾಠ ಮಾಡಲು ಹೋಗುತ್ತಿದ್ದರು. ಭಾನುವಾರ ಅವರ ಮನೆಗೆ ನಾನು ಹೋಗುವುದು, ಅವರ ಹೆಂಡತಿ ಹುಳಿಯನ್ನ ಕಟ್ಟಿಕೊಡುವುದು, ಹೀಗೆ ನಡೆದಿತ್ತು.

ಒಂದು ದಿನ ಯಾವುದೋ ಪತ್ರಿಕಾಗೋಷ್ಠಿಯಲ್ಲಿ ಒಬ್ಬರು ಮಾತಿಗೆ ಸಿಕ್ಕರು. ಆ ಕಾರ್ಖಾನೆಯಲ್ಲಿ ಮೊದಲು ಸಂಪರ್ಕಾಧಿಕಾರಿಯಾಗಿದ್ದವರು, ಈಗ ಬೇರೆ ಕಡೆ. ಹಳೆಯ ಜಗಳವೆಲ್ಲ ನಗೆಯಾಗಿತ್ತು ಅವರಿಗೆ. "ನಿಮ್ಮ ಬಾಸ್ ಭಾರೀ ಧೈರ್ಯಸ್ಥರಪ್ಪ" ಎಂದರು. "ನೀವು ಕಾರ್ಖಾನೆಗೆ ಬರುವ ಹಿಂದಿನ ಸಂಜೆ ಅವರೇ ಫೋನು ಮಾಡಿದ್ದರು. ನಮ್ಮ ಮ್ಯಾನೇಜರ್, ನಿಮ್ಮ ಹತ್ತಿರ ಯಾವ ಪುರಾವೆಯೂ ಇಲ್ಲ, ಸುಳ್ಳು ಹೇಳ್ತೀರಿ ಅಂದರು. ಐದು ನಿಮಿಷದಲ್ಲಿ ಫ್ಯಾಕ್ಸ್ ಬಂತು, ನಿಮ್ಮ ಕಚೇರಿಯ ನಂಬರು ಮೇಲೆ. ಪೂರಾ ಹಾಳೆ! ಅಂಚಿನಲ್ಲಿ ಆಕೆಯ ಕೈಬರಹವೂ ಇತ್ತು. ನಾವು ಹುಡುಕುವ ಕೆಲಸವೇ ಇರಲಿಲ್ಲ."

ನಾನು ಹೊರಗೆ ಬಂದು ಸಿಕ್ಕಿದ ಆಟೋ ಹತ್ತಿದೆ. ಪಟ್ಟಂ ಎಂದೆ.

ಸಾರ್ ಬಾಗಿಲು ತೆಗೆದು, "ಬಾರಮ್ಮ, ಭಾನುವಾರ ಅಲ್ವಲ್ಲ?" ಎಂದರು.

"ಆ ಫ್ಯಾಕ್ಸ್ ಮಾಡಿದ್ದು ನೀವಾ?"

ಯಾವ ಫ್ಯಾಕ್ಸ್ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ನನಗೆ ಇನ್ನೂ ಸ್ವಲ್ಪ ಆಸೆ ಉಳಿಯುತ್ತಿತ್ತು. ಕುರ್ಚಿಯಲ್ಲಿ ಕೂತರು. "ಅವನು ನನ್ನ ಸುಳ್ಳ ಅಂದ್ಬಿಟ್ಟನಮ್ಮ. ಅಷ್ಟು ವರ್ಷದಲ್ಲಿ ಯಾರೂ ನನಗೆ ಹಾಗಂದಿರ್ಲಿಲ್ಲ. ತಲೆ ಕೆಟ್ಟೋಯ್ತು. ಎದುರಿನವನಿಗೆ ಪುರಾವೆ ತೋರಿಸೋದು ನ್ಯಾಯ ಅಂತ್ಲೂ ಅನ್ನಿಸ್ತು. ಅಂಚಲ್ಲಿ ಬರೆದಿದ್ದು ಆ ಗಳಿಗೇಲಿ ನೆನಪಾಗ್ಲೇ ಇಲ್ಲ. ಹಾಳೆ ಆ ಕಡೆ ಹೋದ್ಮೇಲೆ ನೆನಪಾಯ್ತು."

"ಮರೆತು ಹೋಯ್ತು, ಆಯ್ತು. ಮನುಷ್ಯರಿಗೆ ಆಗ್ತದೆ. ಮತ್ತೆ ನನ್ನ ಬ್ಯಾಗಿನ ಸುದ್ದಿ ಎಂತಕ್ಕೆ ತೆಗೆದ್ರಿ?"

"ನಾನು ಕೇಳಿದ್ದಷ್ಟೇ ಅಲ್ವೇನಮ್ಮ. ನಿನ್ನಿಂದ ಆಯ್ತು ಅಂತ ನಾನೆಲ್ಲಿ ಹೇಳ್ದೆ?"

ಪ್ರಶ್ನಾರ್ಥಕ ಚಿಹ್ನೆ ಹಾಕಿ ಮಸಿ ಬಳಿಯುವುದು ಹೇಡಿ ಕೆಲಸ ಎಂದು ನನಗೆ ಕಲಿಸಿದ ಮನುಷ್ಯ! ಇಷ್ಟು ವರ್ಷ ನಾನು ಅಳುವುದನ್ನು ನೋಡಿಕೊಂಡು ಉಪ್ಪಿನಕಾಯಿ ಬಡಿಸಿದ ಮನುಷ್ಯ. ನಾನು ಕೂಗಾಡಿದೆ. ಏನೇನು ಅಂದೆನೋ ನೆನಪಿಲ್ಲ, ಅವರ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದದ್ದು ನೆನಪಿದೆ.

"ಕಚೇರಿ ಹೆಸರು ಹೋಗ್ತಿತ್ತು" ಎಂದರು ಕೊನೆಗೆ. "ಮುಂದೆ ಯಾರೂ ನಮ್ಮನ್ನ ನಂಬಿ ಒಂದು ಚೀಟೀನೂ ಕೊಡ್ತಿರ್ಲಿಲ್ಲ. ನೀನು ಚಿಕ್ಕವಳು, ತಡ್ಕೊತೀಯ ಅನ್ಕೊಂಡೆ."

"ನನ್ನದು ಬಿಡಿ. ಚೇಚಿಗೆ ಹೋಗಿ ಹೇಳಿ. ಮುಖ ನೋಡಿ ಹೇಳಿ. ನಾನೂ ಬರ್ತೇನೆ."

"ಹೋಗೋಣ. ಮುಂದಿನ ವಾರ ಹೋಗೋಣ."

ಮುಂದಿನ ವಾರ ಮಂಡಿನೋವು. ಅದರ ಮುಂದಿನ ವಾರ ಮೊಮ್ಮಗಳ ನಾಮಕರಣ. ನಾನು ಭಾನುವಾರದ ಊಟ ಬಿಟ್ಟೆ, ಆದರೆ ತಿಂಗಳಿಗೊಮ್ಮೆ ಫೋನು ಮಾಡಿ "ಯಾವಾಗ?" ಎಂದು ಕೇಳುವುದನ್ನು ಬಿಡಲಿಲ್ಲ. "ಬರ್ತೀನಮ್ಮ, ಟಿಕೆಟ್ ನಾನೇ ತೆಗೆಸ್ತೀನಿ" ಎನ್ನುತ್ತಿದ್ದರು. ಎರಡು ವರ್ಷ ಹೀಗೇ ಎಳೆದರು. ಆಮೇಲೆ ಒಂದು ಬೆಳಿಗ್ಗೆ, ಹೇಳಿದೆನಲ್ಲ, ಆ ಫೋನು ಬಂತು. ಎಲ್ಲ ಪತ್ರಿಕೆಗಳಲ್ಲೂ ಅವರ ಬಗ್ಗೆ ಬರೆದರು, ಕಳಂಕವಿಲ್ಲದ ವೃತ್ತಿಜೀವನ ಎಂದು. ಅದನ್ನು ಬರೆದವರಲ್ಲಿ ಯಾರೂ ಎದುರಿನವರನ್ನು ಕೇಳಿರಲಿಲ್ಲ.

ಹದಿಮೂರು ದಿನ ಕಳೆದ ಮೇಲೆ ನಾನೊಬ್ಬಳೇ ರೈಲು ಹತ್ತಿ ಕಳಮಶ್ಶೇರಿಗೆ ಹೋದೆ.

ಮನೆ ಅದೇ. ಜಗಲಿಯಲ್ಲಿ ಏಳೆಂಟು ಮಕ್ಕಳು ಪುಸ್ತಕ ಬಿಡಿಸಿ ಕೂತಿದ್ದರು. ಚೇಚಿ ಟ್ಯೂಷನ್ ಹೇಳುತ್ತಿದ್ದರು, ರಸಾಯನಶಾಸ್ತ್ರ. ಕೂದಲು ಪೂರ್ತಿ ನೆರೆತಿತ್ತು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಮಕ್ಕಳಿಗೆ ಒಂದು ಲೆಕ್ಕ ಕೊಟ್ಟು, ನನ್ನನ್ನು ಹಿತ್ತಲಿನ ಮೆಟ್ಟಿಲಿಗೆ ಕರೆದೊಯ್ದರು. ಒಳಗೆ ಬಾ ಎನ್ನಲಿಲ್ಲ.

ನಾನು ಎಲ್ಲವನ್ನೂ ಹೇಳಿದೆ. ಫ್ಯಾಕ್ಸು, ಬ್ಯಾಗು, ಮುಂದಿನ ವಾರಗಳು. ಹೇಳುತ್ತ ಹೋದಂತೆ ಎದೆ ಹಗುರವಾಯಿತು, ಸುಳ್ಳೇಕೆ. ನನ್ನದಲ್ಲ, ನನ್ನದಲ್ಲ ಎಂಬ ಮಾತನ್ನು ಎಷ್ಟು ಸಲ ಹೇಳಿದೆನೋ.

"ನಿಮ್ಮ ಸಾರ್ ಆಗ ನನಗೆ ಫೋನು ಮಾಡಿದ್ದರು" ಎಂದರು ಚೇಚಿ. "ಹೊಸ ಹುಡುಗಿ, ಗೊತ್ತಾಗದೆ ಮಾಡಿದಳು, ಕ್ಷಮಿಸಿಬಿಡಿ ಎಂದರು. ಒಳ್ಳೆಯ ಮನುಷ್ಯ, ಸಿಬ್ಬಂದಿಯ ತಪ್ಪಿಗೆ ತಾವು ಕ್ಷಮೆ ಕೇಳುತ್ತಾರಲ್ಲ ಎಂದುಕೊಂಡಿದ್ದೆ."

ನನ್ನಿಂದ ಆಯ್ತು ಎಂದು ಹೇಳಲಿಲ್ಲ ಎಂದಿದ್ದರಲ್ಲ, ಕೇಳಿದ್ದಷ್ಟೇ ಎಂದಿದ್ದರಲ್ಲ! ಪಟ್ಟಂನಲ್ಲಿ ಆ ಕುರ್ಚಿಯಲ್ಲಿ ಕೂತು ಅದನ್ನೂ ಸುಳ್ಳು ಹೇಳಿದ್ದರು. "ನೋಡಿದಿರಾ ಚೇಚಿ, ಹೇಗೆ ಮೋಸ ಮಾಡಿದರು ನೋಡಿದಿರಾ" ಎಂದೆ.

ಚೇಚಿ ನನ್ನ ಮುಖವನ್ನೇ ನೋಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು.

"ನಿನ್ನ ತಪ್ಪಲ್ಲ ಎಂದು ಗೊತ್ತಾದ ಮೇಲೆ ಬಂದೆ ಮೋಳೆ. ನಿನ್ನದೇ ತಪ್ಪು ಎಂದು ನೀನು ನಂಬಿದ್ದಾಗ ಬರಬೇಕಿತ್ತಲ್ಲ?"

ಜಗಲಿಯಿಂದ ಮಕ್ಕಳು "ಟೀಚರೇ, ಆಯ್ತು" ಎಂದು ಕೂಗಿದರು. ಚೇಚಿ ಎದ್ದರು.

"ಅವರ ಬಗ್ಗೆ ಬರೆಯಲು ಹೇಳಿದ್ದಾರೆ" ಎಂದೆ, ಏನಾದರೂ ಹೇಳಬೇಕಲ್ಲ ಎಂದು. "ನಿಮ್ಮ ವಿಷಯ ಬರುತ್ತದೆ. ಹೆಸರು ಹಾಕುವುದಿಲ್ಲ."

"ಯಾಕೆ ಹಾಕುವುದಿಲ್ಲ?" ಎಂದರು. "ಗೊತ್ತಾಗಬಾರದವರಿಗೆಲ್ಲ ಅವತ್ತೇ ಗೊತ್ತಾಯಿತು. ಆ ಹೊಳೆಯ ನೀರು ಕುಡಿಯುವವರಿಗೆ ಮಾತ್ರ ಇವತ್ತಿಗೂ ಗೊತ್ತಿಲ್ಲ, ಯಾರು ಹೇಳಿದ್ದು ಎಂದು. ಹಾಕು. ಇನಿಷಿಯಲ್ ಸಮೇತ ಹಾಕು."

ಎಂ. ಕೆ. ವಿಲಾಸಿನಿ.